ಅಕ್ಕನ ಮೂಗು, ತೈವಾನಿನ ಕರ್ಪೂರದ ಮರ

ಮಕ್ತಲ್

ನಾನು ಕರ್ಪೂರ ಮಾರುವವನು. ಕರ್ಪೂರವೊಂದೇ ಅಲ್ಲ, ಮಕ್ತಲಿನ ನಮ್ಮ ಅಂಗಡಿಯಲ್ಲಿ ಲಾವಂಚದ ಬೇರು, ಕಚೋರ, ಬಜೆ, ಸಾಂಬ್ರಾಣಿ, ಗುಗ್ಗುಳ, ದವನ ಎಲ್ಲ ಸಿಗುತ್ತದೆ. ಐವತ್ತೆಂಟು ವರ್ಷವಾದರೂ ಕರ್ಪೂರದ ಮರವನ್ನು ಮಾತ್ರ ನಾನು ನೋಡಿರಲಿಲ್ಲ. ಕರ್ಪೂರ ಮರದಿಂದ ಬರುತ್ತದೆ ಎಂದು ಗಿರಾಕಿಗಳಿಗೆ ಎಷ್ಟೋ ಸಲ ದೊಡ್ಡ ದನಿಯಲ್ಲಿ ಹೇಳಿದ್ದೇನೆ. ಆ ಮರ ಬೇವಿನಷ್ಟು ಎತ್ತರವೋ ಕಣಗಲದಷ್ಟು ಗಿಡ್ಡವೋ ಎಂದು ಯಾರಾದರೂ ತಿರುಗಿ ಕೇಳಿದ್ದರೆ ಬಾಯಿ ಬಾಯಿ ಬಿಡಬೇಕಾಗುತ್ತಿತ್ತು. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಮರ ನೋಡುವ ಯೋಗ ಬಂದದ್ದು ನಾರಾಯಣಪೇಟೆಯ ಸೂಗಪ್ಪನಿಂದ. ಸೂಗಪ್ಪ ಮಗ್ಗದವನು. ಅವನು ನೇಯ್ದ ಸೀರೆ ಎಲ್ಲಿಯೋ ಯಾರದೋ ಕಣ್ಣಿಗೆ ಬಿದ್ದು, ತೈವಾನಿನ ತೈಪೆ ನಗರದ ಕೈಕಸುಬಿನ ಮೇಳಕ್ಕೆ ಅವನಿಗೆ ಕರೆ ಬಂದಿತ್ತು. ಜೊತೆಗೆ ಇಂಗ್ಲಿಷ್ ಬಲ್ಲ ಒಬ್ಬರನ್ನು ಕರೆತರಬಹುದು ಎಂದು ಕಾಗದದಲ್ಲಿ ಬರೆದಿತ್ತು. ರಾಯಚೂರಿನಲ್ಲಿ ಓದಿದ ನನ್ನ ಬಿ.ಎ. ಇಂಗ್ಲಿಷು ಅವನಿಗೆ ಬಹಳ ದೊಡ್ಡದಾಗಿ ಕಂಡಿತು.

“ಶೆಟ್ಟ್ರ, ನೀವು ಬರಬೇಕ್ರಿ. ಮಗ್ಗದ ಎಳಿ ನಾ ನೋಡ್ಕೋತೀನಿ, ಮಾತು ನೀವು ನೋಡ್ಕೋರಿ,” ಎಂದ.

ಮೇಳ ಮುಗಿದ ಮರುದಿನ ಅತಿಥಿಗಳನ್ನು ಮಿಯಾವ್ಲಿ ಎಂಬ ಗುಡ್ಡಗಾಡಿಗೆ, ಕರ್ಪೂರ ಇಳಿಸುವ ಹಳೆಯ ಭಟ್ಟಿಯೊಂದಕ್ಕೆ ಕರೆದೊಯ್ಯುತ್ತಾರೆ ಎಂದು ಓದಿದ ಮೇಲೆ ನಾನು ಒಲ್ಲೆ ಎನ್ನಲಿಲ್ಲ.

ಸುದ್ದಿ ಕೇಳಿ ನನಗಿಂತ ಹೆಚ್ಚು ಕಣ್ಣರಳಿಸಿದವಳು ನೀಲಕ್ಕ. ನನ್ನ ಒಬ್ಬಳೇ ಅಕ್ಕ, ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಬಂದ ಮಗಳನ್ನು ಅಪ್ಪ ಅಡುಗೆಮನೆಗೆ ಅಟ್ಟಲಿಲ್ಲ, ಅಂಗಡಿಯಲ್ಲಿ ಕೂರಿಸಿದ. ಅವಳ ಮೂಗು ಅಂಥದ್ದು. ಲಾವಂಚದ ಕಟ್ಟನ್ನು ಬಿಚ್ಚದೆಯೇ ಒಳಗೆ ಒದ್ದೆಯಿದೆ ಎನ್ನುತ್ತಿದ್ದಳು. ಸಾಂಬ್ರಾಣಿಯಲ್ಲಿ ರಾಳ ಬೆರೆಸಿದ್ದರೆ ಉಗುರಿನಲ್ಲಿ ಕೆರೆದು ಹೇಳುತ್ತಿದ್ದಳು. ಮಾಲು ತಂದವರು ನಮ್ಮ ಅಪ್ಪನಿಗಲ್ಲ, ಇವಳಿಗೆ ಹೆದರುತ್ತಿದ್ದರು. ನೀಲಾ ಮೂಸದೆ ಒಂದು ಪುಡಿಕೆಯೂ ಒಳಗೆ ಬರಕೂಡದು ಎಂದು ಅಪ್ಪ ಕಟ್ಟು ಮಾಡಿಟ್ಟಿದ್ದ.

ಅಂಗಡಿಯಲ್ಲಿ ಎರಡು ಬಗೆಯ ಕರ್ಪೂರ ಇರುತ್ತಿತ್ತು. ಆರತಿಗೆ ಕಾರ್ಖಾನೆಯದು, ಡಬ್ಬದಲ್ಲಿ. ಗುಡಿಯ ಅಭಿಷೇಕಕ್ಕೂ ಮೈಗೆ ಹಚ್ಚುವ ಎಣ್ಣೆಗೂ ಮರದ್ದು, ಗಾಜಿನ ಭರಣಿಯಲ್ಲಿ. ಭರಣಿಯದನ್ನು ಅಕ್ಕ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ತಿಕ್ಕಿ, ಕೈ ಮುಚ್ಚಿಕೊಂಡು ಬೇರೆ ಕೆಲಸ ಮಾಡುವಳು. ಸ್ವಲ್ಪ ಹೊತ್ತಿನ ನಂತರ ಕೈ ಬಿಡಿಸಿ ಮೂಸುವಳು. ಆಮೇಲೆ ಉಳಿಯುವ ವಾಸನೆಯೇ ನಿಜವಾದದ್ದು ಎನ್ನುವುದು ಅವಳ ಲೆಕ್ಕ.

ಅಪ್ಪ ತೀರಿಕೊಂಡ ಮೇಲೆ ಅಂಗಡಿ ನನ್ನ ಕೈಗೆ ಬಂತು. ಮರದ ಕರ್ಪೂರ ತಂದುಕೊಡುತ್ತಿದ್ದ ಹಳಬರು ವ್ಯಾಪಾರ ನಿಲ್ಲಿಸಿದರು. ಒಂಬತ್ತು ವರ್ಷದ ಹಿಂದೆ ಹೊಸಬನೊಬ್ಬ ಮರದ್ದೇ ಎಂದು ಚಂದದ ಪೊಟ್ಟಣಗಳನ್ನು ತಂದು ಇಳಿಸಿದ. ಬೆಳ್ಳಗೆ, ಒಂದೇ ಅಳತೆಯ ಬಿಲ್ಲೆಗಳು. ಮೇಲೆ ಮರದ ಚಿತ್ರವೂ ಇತ್ತು. ಗುಡಿಯ ಆಚಾರ್ರು ಅಭಿಷೇಕದ ಸಾಮಾನಿಗೆ ಬಂದು ಕೂತಿದ್ದರು, ಇನ್ನೂ ನಾಲ್ಕೈದು ಜನ ಗಿರಾಕಿಗಳಿದ್ದರು. ಅಕ್ಕ ಒಂದು ಬಿಲ್ಲೆ ಪುಡಿ ಮಾಡಿ ಅಂಗೈಯಲ್ಲಿ ತಿಕ್ಕಿದಳು, ಕಾದಳು, ಮೂಸಿದಳು.

“ತಮ್ಮಾ, ಇದು ಮರದ್ದಲ್ಲ. ನಮ್ಮ ಮನಿ ಬಾಗಲಿಗೆ ಬಣ್ಣ ಹಚ್ಚಾಕ ಬಂದಿದ್ರಲ್ಲ, ಅವರ ಡಬ್ಬಿ ವಾಸನಿ ಬರ್ತೈತಿ. ಆ ಬಣ್ಣ ತೆಳ್ಳಗ ಮಾಡೋ ಎಣ್ಣಿದು.”

“ಹಂಗಾದ್ರ ನಾ ಒಯ್ಯೋದೋ ಬ್ಯಾಡೋ? ನಾಳಿಗೆ ಅಭಿಷೇಕ ಅದ,” ಎಂದರು ಆಚಾರ್ರು.

ಎಲ್ಲರ ಎದುರು ನನ್ನ ಮುಖ ಸಣ್ಣದಾಯಿತು. ಮಾಲು ಒಪ್ಪಿಕೊಂಡವನು ನಾನು. ಬೆಳ್ಳಗಿದೆ, ಪೊಟ್ಟಣದ ಮೇಲೆ ಬರೆದಿದೆ, ಇನ್ನೇನು ಬೇಕು ಎಂದು ಸಿಟ್ಟು ಬಂತು.

“ಅಕ್ಕಾ, ಕರ್ಪೂರಕ್ಕ ಏನೂ ಆಗಿಲ್ಲ. ನಿನ್ನ ಮೂಗಿಗೆ ವಯಸ್ಸಾಗೈತಿ,” ಎಂದೆ.

ಗಿರಾಕಿಗಳು ನಕ್ಕರು. ಆಚಾರ್ರೂ ನಕ್ಕರು. ಅಕ್ಕನೂ ನಕ್ಕಳು. ಅವಳು ನಕ್ಕದ್ದರಿಂದ ನಾನು ಅದನ್ನು ಅಲ್ಲಿಗೇ ಮರೆತೆ, ಬಿಲ್ಲೆಗಳನ್ನು ಭರಣಿಗೆ ತುಂಬಿದೆ.

ನಿಜ ಹೇಳಬೇಕೆಂದರೆ ಆ ಬಿಲ್ಲೆಯನ್ನು ನಾನು ಮೂಸಿಯೇ ಇರಲಿಲ್ಲ. ಮರುವಾರದಿಂದ ಅಕ್ಕ ಅಂಗಡಿಗೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಮನೆಯಲ್ಲಿ ಹಾಲಿನ ಪಾತ್ರೆ ಹಿಡಿದು ನನ್ನ ಹೆಂಡತಿಗೆ, “ನೋಡವಾ, ಕೆಟ್ಟೈತೇನು? ನನಗ ತಿಳ್ಯಂಗಿಲ್ಲ,” ಎನ್ನುವುದು ಶುರುವಾಯಿತು. ಒಗ್ಗರಣೆ ಸೀದಿದೆಯೇ ಎಂದು ಬೇರೆಯವರನ್ನು ಕೇಳುವಳು. ನೋಡು, ನಾನು ಹೇಳಿದ್ದು ಸರಿಯೇ ಆಯಿತು ಎಂದು ನಾನು ಒಳಗೊಳಗೇ ಅಂದುಕೊಂಡೆ.

ಹೊರಡುವ ದಿನ ಅಕ್ಕ ಒಂದು ಬಟ್ಟೆಯ ಗಂಟಿನಲ್ಲಿ ಬಜೆಯ ತುಂಡು, ಏಲಕ್ಕಿ ಕಟ್ಟಿಕೊಟ್ಟಳು, ದಾರಿಯಲ್ಲಿ ಹೊಟ್ಟೆ ತೊಳಸಿದರೆ ಎಂದು.

“ಆ ಮರದ ಎಲಿ ಒಂದು ಹಿಚುಕಿ ನೋಡು ತಮ್ಮಾ. ಹ್ಯಾಂಗ ವಾಸನಿ ಬರ್ತೈತಿ ಅಂತ ಬಂದು ನನಗ ಹೇಳು,” ಎಂದಳು.

ಹೈದರಾಬಾದ್

ಮಕ್ತಲಿನ ಮನುಷ್ಯ ವಿದೇಶಕ್ಕೆ ಬರಿಗೈಯಲ್ಲಿ ಹೋಗುತ್ತಾನೆಯೇ? ಮೇಳದವರಿಗೆ ಕೊಡಲು ನಾನು ನಮ್ಮ ಅಂಗಡಿಯ ಕರ್ಪೂರವನ್ನೇ ಕಟ್ಟಿಕೊಂಡಿದ್ದೆ. ಕರ್ಪೂರದ ಊರಿಗೆ ಕರ್ಪೂರ ಹೊತ್ತುಕೊಂಡು ಹೋಗುವ ಬುದ್ಧಿ ನನ್ನಂಥವನಿಗೆ ಮಾತ್ರ ಹೊಳೆಯಲು ಸಾಧ್ಯ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಪಕ್ಕಕ್ಕೆ ಸರಿಯಿತು, ನಮ್ಮ ಹೆಸರು ಕೂಗಿದರು. ತಪಾಸಣೆಯ ಹುಡುಗಿ ಡಬ್ಬ ಎತ್ತಿ ಹಿಡಿದು ತೆಲುಗಿನಲ್ಲಿ, “ಏಮಂಡಿ, ವಿಮಾನಂಲೋ ಹಾರತಿ ಇಸ್ತಾರಾ?” ಎಂದಳು. ವಿಮಾನದಲ್ಲಿ ಮಂಗಳಾರತಿ ಎತ್ತುತ್ತೀರೇನು ಎಂದು ಕೇಳಿದ ಅವಳ ಮುಖದಲ್ಲಿ ನಗುವಿರಲಿಲ್ಲ. ಕರ್ಪೂರ ಬೇಗ ಹೊತ್ತಿಕೊಳ್ಳುವ ವಸ್ತು, ಯಾವ ಚೀಲದಲ್ಲೂ ಒಯ್ಯುವಂತಿಲ್ಲವಂತೆ. ನಲವತ್ತು ವರ್ಷ ಬೆಂಕಿಪೊಟ್ಟಣದ ಪಕ್ಕದಲ್ಲೇ ಅದನ್ನಿಟ್ಟು ಮಾರಿದ ನಾನು ತಲೆ ಬಾಗಿಸಿ ಡಬ್ಬವನ್ನು ಅವಳ ಬುಟ್ಟಿಗೆ ಹಾಕಿದೆ.

“ಹೋಗ್ಲಿ ಬಿಡ್ರಿ ಶೆಟ್ಟ್ರ, ಫಿಕರ್ ಮಾಡಬ್ಯಾಡ್ರಿ,” ಎಂದು ಸೂಗಪ್ಪ ಸಮಾಧಾನ ಹೇಳಿದ. ಅವನ ಪೆಟ್ಟಿಗೆಯ ಸೀರೆಗಳ ನಡುವೆ ಅವನ ಹೆಂಡತಿ ಹುಳ ಬೀಳದಿರಲೆಂದು ಒಂದು ಚಿಂದಿಯಲ್ಲಿ ನಮ್ಮ ಅಂಗಡಿಯದೇ ಕರ್ಪೂರದ ಚೂರು ಕಟ್ಟಿಟ್ಟಿದ್ದಳು. ಅದು ಅವನಿಗೂ ಗೊತ್ತಿರಲಿಲ್ಲ, ಹುಡುಗಿಗೂ ಕಾಣಲಿಲ್ಲ.

ತೈಪೆ, ಮೊದಲೆರಡು ದಿನ

ತೈಪೆಯ ಸೆಕೆ ನಮ್ಮ ಸೆಕೆಯಲ್ಲ. ನಮ್ಮದು ಸುಡುತ್ತದೆ, ಅದು ಬೇಯಿಸುತ್ತದೆ. ಅಂಗಿ ಹಾಕಿಕೊಂಡ ಗಳಿಗೆಯಲ್ಲೇ ಒದ್ದೆ. ಆದರೂ ಜನ ಬಸ್ಸಿಗೆ ಸಾಲಾಗಿ ನಿಲ್ಲುತ್ತಾರೆ, ಒಬ್ಬರ ಮೈ ಒಬ್ಬರಿಗೆ ತಾಗದಂತೆ. ನಾರಾಯಣಪೇಟೆ ಬಸ್ಸಿಗೆ ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿಯುವ ಸೂಗಪ್ಪನಿಗೆ ಕೈಗೆ ಕೆಲಸವೇ ಇಲ್ಲದಂತಾಯಿತು. ಸಂಜೆ ಹಾಡು ಹಾಕಿಕೊಂಡು ಒಂದು ಗಾಡಿ ಬಂತು. ಐಸ್ ಕ್ರೀಮ್ ಗಾಡಿಯೆಂದು ನಾವಿಬ್ಬರೂ ಓಡಿದೆವು. ನೋಡಿದರೆ ಕಸದ ಗಾಡಿ. ನಮ್ಮೂರಿನ ಕಸದ ಗಾಡಿಯೂ ಹಾಡುತ್ತದೆ, ಆದರೆ ಇಲ್ಲಿ ಹಾಡು ಕೇಳಿದೊಡನೆ ಇಡೀ ಬೀದಿ ಚೀಲ ಹಿಡಿದು ಹೊರಗೆ ಬಂದು ನಿಲ್ಲುತ್ತದೆ.

ಊಟದ ಕಥೆ ಬೇರೆ. ನಾವಿಬ್ಬರೂ ಶಾಕಾಹಾರಿಗಳೆಂದು ಮೊದಲೇ ಹೇಳಿದ್ದೆವು. ಮೇಳದವರು ಪ್ರೀತಿಯಿಂದ ದೊಡ್ಡ ಶಾಕಾಹಾರಿ ಖಾನಾವಳಿಗೆ ಕರೆದೊಯ್ದರು. ತಟ್ಟೆಯಲ್ಲಿ ಬಂದದ್ದು ಇಡೀ ಮೀನು, ಕಣ್ಣು, ರೆಕ್ಕೆ, ಬಾಲ ಸಮೇತ. ಸೂಗಪ್ಪ ಕೊರಳಿನ ಲಿಂಗ ಹಿಡಿದುಕೊಂಡು ಕುರ್ಚಿಯಿಂದ ಎದ್ದುಬಿಟ್ಟ. ನಮ್ಮ ಜೊತೆಗಿದ್ದ ಮಿಸ್ ಲಿನ್ ಎಂಬ ಹುಡುಗಿ ಗಾಬರಿಯಾಗಿ, ಅದು ಸೋಯಾ ಹಿಟ್ಟಿನದು, ಮೀನಿನ ಆಕಾರ ಮಾತ್ರ ಎಂದು ಎಷ್ಟು ಹೇಳಿದರೂ ಅವನು ಮುಟ್ಟಲಿಲ್ಲ.

“ಮೀನ ತಿನ್ನಾಂಗಿಲ್ಲ ಅಂದ್ರ ಮೀನಿನಂಗ ಯಾಕ ಮಾಡ್ಬೇಕ್ರಿ?” ಎಂದು ನನ್ನನ್ನು ಕೇಳಿದ. ಈ ಪ್ರಶ್ನೆಯನ್ನು ಇಂಗ್ಲಿಷಿಗೆ ತರುವ ಧೈರ್ಯ ನನಗಾಗಲಿಲ್ಲ. ಎರಡು ದಿನ ಅವನು ಬಾಳೆಹಣ್ಣಿನಲ್ಲೇ ಕಳೆದ. ನಾನು ಮೀನನ್ನು ತಿಂದೆ, ಚೆನ್ನಾಗಿತ್ತು. ಊರಲ್ಲಿ ಹೇಳಬೇಡ ಎಂದು ಅವನಿಂದ ಆಣೆ ಹಾಕಿಸಿಕೊಂಡೆ.

ಮೇಳದಲ್ಲಿ ಅವನು ಸಣ್ಣ ಮಗ್ಗದ ಮುಂದೆ ಕೂತು ಲಾಳಿ ಎಸೆಯತೊಡಗಿದರೆ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನನ್ನ ಇಂಗ್ಲಿಷ್ ಯಾರಿಗೂ ಬೇಕಾಗಲಿಲ್ಲ. ಎರಡನೆಯ ದಿನ ಸೀರೆಯೊಂದನ್ನು ಬಿಚ್ಚಿ ಹರಡುವಾಗ ಚಿಂದಿಯ ಗಂಟು ಕೆಳಗೆ ಬಿತ್ತು. ಸೂಗಪ್ಪ ಮೂಸಿ ನಕ್ಕ.

“ನೋಡ್ರಿ, ನಮ್ಮಾಕಿ ಕಟ್ಯಾಳ. ನಿಮ್ಮ ಅಂಗಡೀದ. ಭರಣ್ಯಾಗಿನ ಮರದ ಕರ್ಪೂರನ ಬೇಕು ಅಂತಾಳ, ಬ್ಯಾರೆ ಮುಟ್ಟಂಗಿಲ್ಲ,” ಎಂದ. ಇಷ್ಟು ದೂರ ಬಂದು ನಮ್ಮ ಅಂಗಡಿಯ ಹೊಗಳಿಕೆ ಕೇಳಿ ನಾನು ಉಬ್ಬಿಹೋದೆ. ಗಂಟನ್ನು ಜೋಪಾನವಾಗಿ ಜೇಬಿನಲ್ಲಿಟ್ಟುಕೋ ಎಂದೆ.

ಬಾಗಿಲಿಗೆ ಬಜೆ

ನಾವು ಹೋದ ವಾರ ಅಲ್ಲಿ ಅವರ ಪಂಚಾಂಗದ ಐದನೆಯ ತಿಂಗಳ ಹಬ್ಬ. ಹಳೆಯ ಓಣಿಗಳಲ್ಲಿ ಮನೆಮನೆಯ ಬಾಗಿಲಿಗೂ ಸೊಪ್ಪಿನ ಕಟ್ಟು ತೂಗುಹಾಕಿದ್ದರು. ಒಂದು ಎಲೆ ಕತ್ತಿಯಂತೆ ಉದ್ದ. ಕೈಯಾಡಿಸಿ ಮೂಸಿದರೆ ಬಜೆ! ನಮ್ಮೂರಲ್ಲಿ ಕೂಸಿಗೆ ತೇಯ್ದು ನೆಕ್ಕಿಸುತ್ತಿದ್ದ ಬಜೆಯ ಎಲೆ. ಜೊತೆಗಿದ್ದದ್ದು ಮಾಚಿಪತ್ರೆಯ ಹತ್ತಿರದ ಸಂಬಂಧಿ. ರೋಗರುಜಿನ ಮನೆಯೊಳಗೆ ಬರದಿರಲಿ ಎಂದು ಕಟ್ಟುತ್ತಾರೆ ಎಂದಳು ಮಿಸ್ ಲಿನ್. ಮಕ್ಕಳ ಕೊರಳಲ್ಲಿ ಬಣ್ಣದ ಪುಟ್ಟ ಚೀಲಗಳಿದ್ದವು, ಒಳಗೆ ಸುವಾಸನೆಯ ಬೇರುಗಳ ಪುಡಿ.

ನನಗೆ ನೀಲಕ್ಕ ಅಂಗಡಿಯಲ್ಲಿ ಕೂರುತ್ತಿದ್ದ ಕಾಲ ನೆನಪಾಯಿತು. ಬಾಣಂತಿಯರ ಮನೆಯ ಹೆಂಗಸರು ಸಾಲಾಗಿ ಬರುತ್ತಿದ್ದರು. ಕೂಸಿನ ತಲೆ ಎರೆದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯಲು ಇಷ್ಟು, ಸೀಗೆಪುಡಿಗೆ ಬೆರೆಸಲು ಕಚೋರ ಇಷ್ಟು, ಕುಡಿಯುವ ನೀರಿನ ಹರವಿಗೆ ಹಾಕಲು ಲಾವಂಚ ಇಷ್ಟು, ಟ್ರಂಕಿನ ರೇಷ್ಮೆಗೆ ಒಣಗಿದ ದವನ ಇಷ್ಟು ಎಂದು ಅಕ್ಕ ಮೂಸಿ ಮೂಸಿ ಕಟ್ಟಿಕೊಡುವಳು. ಈಗ ಯಾರೂ ಬರುವುದಿಲ್ಲ. ಅವರಿಗೆ ಇದೆಲ್ಲ ಬೇಡವಾಗಿದೆ ಎಂದು ನಾನು ಕಾಲವನ್ನು ಬೈಯುತ್ತಿದ್ದೆ. ಅಕ್ಕ ಅಂಗಡಿ ಬಿಟ್ಟ ವರ್ಷವೇ ಅವರು ಬರುವುದು ನಿಂತದ್ದು ಎಂದು ತೈಪೆಯ ಆ ಓಣಿಯಲ್ಲಿ ನಿಂತಾಗ ಮೊದಲ ಸಲ ಹೊಳೆಯಿತು. ಆದರೂ ಅದಕ್ಕೂ ನನ್ನ ಮಾತಿಗೂ ಸಂಬಂಧವಿದೆ ಎಂದು ಒಪ್ಪಲು ಮನಸ್ಸು ಬರಲಿಲ್ಲ.

ಮಿಯಾವ್ಲಿಯ ಗುಡ್ಡ

ಕಡೆಗೂ ಮರ ಕಂಡಿತು. ಬೇವು, ಕಣಗಲ ಎಲ್ಲ ಅದರ ಕೊಂಬೆಯ ಲೆಕ್ಕಕ್ಕೂ ಬರುವುದಿಲ್ಲ. ಆರು ಜನ ಕೈ ಹಿಡಿದು ನಿಂತರೂ ಬುಡ ಸುತ್ತುವಂತಿರಲಿಲ್ಲ. ಬೊಡ್ಡೆಗೆ ಕೆಂಪು ಬಟ್ಟೆ ಸುತ್ತಿ, ಮುಂದೆ ಊದುಬತ್ತಿ ಹಚ್ಚಿಟ್ಟಿದ್ದರು. ನಮ್ಮ ಅರಳಿಕಟ್ಟೆಯ ಹಾಗೆಯೇ. ಹುಟ್ಟಿದಾಗ ಸೊರಗಿದ ಕೂಸನ್ನು ತಂದು ಈ ಮರಕ್ಕೆ ಮಗುವಾಗಿ ಒಪ್ಪಿಸುವ ಪದ್ಧತಿ ಅಲ್ಲಿದೆ. “ನಾನೂ ಇಂಥದೊಂದು ಮರದ ಮಗಳೇ,” ಎಂದು ಮಿಸ್ ಲಿನ್ ಹೇಳಿದಳು. ವರ್ಷಕ್ಕೊಮ್ಮೆ ಹೋಗಿ ಕೈಮುಗಿದು ಬರುತ್ತಾಳಂತೆ. ನಾವು ದೇವರ ಮುಂದೆ ಕರ್ಪೂರ ಉರಿಸಿ ಕಣ್ಣಿಗೊತ್ತಿಕೊಳ್ಳುತ್ತೇವೆ, ಅದನ್ನು ಕೊಟ್ಟ ಮರದ ಮುಖವನ್ನೂ ನೋಡಿರುವುದಿಲ್ಲ. ನಾನು ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದೆ. ಬಿದ್ದಿದ್ದ ಹಸಿರೆಲೆಯೊಂದನ್ನು ಹಿಚುಕಿ ಮೂಸಿದೆ, ಅಕ್ಕನಿಗೆ ಹೇಳಬೇಕಲ್ಲ. ತಂಪಾಗಿತ್ತು. ಅದನ್ನು ಯಾವ ಮಾತಿನಲ್ಲಿ ಹೇಳುವುದೆಂದು ಮಾತ್ರ ತಿಳಿಯಲಿಲ್ಲ.

ಭಟ್ಟಿ ಅಲ್ಲಿಂದ ಸ್ವಲ್ಪ ಕೆಳಗೆ. ತಗಡಿನ ಮಾಡು, ದೊಡ್ಡ ಹಂಡೆ, ಕೆಳಗೆ ಒಲೆ. ಮರದ ತುಂಡನ್ನು ತೆಳ್ಳಗೆ ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ಹಂಡೆಗೆ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಹಬೆ ಕೊಳವೆಯಲ್ಲಿ ಹಾದು ತಣ್ಣೀರಿನ ತೊಟ್ಟಿಯಲ್ಲಿ ಆರುವಾಗ ಕರ್ಪೂರ ಬೆಳ್ಳಗೆ ಹರಳುಗಟ್ಟುತ್ತದೆ. ಯಜಮಾನ ಅರವತ್ತರ ಗಟ್ಟಿಮನುಷ್ಯ. ಅವನು ಒಲೆಯ ಮುಂದೆ ಸೌದೆ ಹಿಡಿದು ನಿಂತಿದ್ದ, ಆದರೆ ಹಾಕುತ್ತಿರಲಿಲ್ಲ. ಪಕ್ಕದಲ್ಲಿ ಗಿಡ್ಡ ಮಣೆಯ ಮೇಲೆ ಅವನ ತಾಯಿ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ, ಎರಡು ಕಣ್ಣಿಗೂ ಪೊರೆ ಬಂದಿತ್ತು. ಅವಳು ಮುಖವೆತ್ತಿ ಗಾಳಿಯನ್ನು ಒಮ್ಮೆ ಎಳೆದುಕೊಂಡು ತಲೆ ಅಲ್ಲಾಡಿಸಿದಳು. ಮಗ ಸೌದೆಯನ್ನು ಕೆಳಗಿಟ್ಟ.

“ಯಾವಾಗ ಬೆಂಕಿ ಹೆಚ್ಚಬೇಕು, ಯಾವಾಗ ಇಳಿಯಬೇಕು, ಯಾವಾಗ ಮುಚ್ಚಳ ತೆಗೆಯಬೇಕು, ಎಲ್ಲ ಅಜ್ಜಿಯೇ ಹೇಳಬೇಕು,” ಎಂದಳು ಮಿಸ್ ಲಿನ್.

“ಅಳತೆಯ ಯಂತ್ರ ಇಲ್ಲವೇ?” ಎಂದು ಕೇಳಿದೆ.

ಮಗ ಗೋಡೆಯ ಕಡೆ ಕೈ ತೋರಿಸಿದ. ಯಂತ್ರ ಇತ್ತು. ಅದರ ಮೇಲೆ ಅವನ ಟೋಪಿ ತೂಗುತ್ತಿತ್ತು.

ಸೂಗಪ್ಪನಿಗೆ ಹುರುಪು ಬಂತು. ಜೇಬಿನಿಂದ ಚಿಂದಿಯ ಗಂಟು ತೆಗೆದು ಬಿಚ್ಚಿ, ಮುದುಕಿಯ ಅಂಗೈಗೆ ಎರಡು ಚೂರು ಹಾಕಿದ. “ನಮ್ಮೂರಿನ ಕರ್ಪೂರ ನೋಡವ್ವ, ಈ ಶೆಟ್ಟ್ರ ಅಂಗಡೀದು,” ಎಂದು ಕನ್ನಡದಲ್ಲೇ ಹೇಳಿದ. ಅವಳಿಗೆ ಅರ್ಥವಾದಂತೆಯೇ ಇತ್ತು. ಚೂರನ್ನು ಅಂಗೈಯಲ್ಲಿ ತಿಕ್ಕಿದಳು. ಕೈ ಮುಚ್ಚಿಕೊಂಡಳು. ಮಗನೊಡನೆ ಏನೋ ಮಾತಾಡಿದಳು, ನಮಗೆ ಚಹಾ ತರಿಸಿದಳು. ಆಮೇಲೆ ಕೈ ಬಿಡಿಸಿ ಮೂಸಿದಳು.

ಈ ಕೈ ಮುಚ್ಚುವುದನ್ನು ನಾನು ಮಕ್ತಲಿನಲ್ಲಿ ಮೂವತ್ತು ವರ್ಷ ನೋಡಿದ್ದೆ.

ಮುದುಕಿ ಎರಡೇ ಮಾತು ಹೇಳಿದಳು. ಮಿಸ್ ಲಿನ್ ಮುಖ ಕೆಂಪಗೆ ಮಾಡಿಕೊಂಡು, “ಕ್ಷಮಿಸಿ,” ಎಂದಳು. “ಇದರಲ್ಲಿ ಮರ ಇಲ್ಲ ಎನ್ನುತ್ತಾರೆ ಅಜ್ಜಿ. ಪೈನ್ ಮರದ ಎಣ್ಣೆಯಿಂದ ಕಾರ್ಖಾನೆಯಲ್ಲಿ ಮಾಡಿದ್ದಂತೆ. ಬಾಗಿಲಿಗೆ ಬಣ್ಣ ಹಚ್ಚುವವರು ಬಣ್ಣ ತೆಳ್ಳಗೆ ಮಾಡಲು ಹಾಕುತ್ತಾರಲ್ಲ, ಅದೇ ಎಣ್ಣೆ.”

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಕಾಲದ ಅಂಗಡಿ, ಪರದೇಶದ ಜನರ ಎದುರು! “ಅಜ್ಜಿಗೆ ಹೇಳಿ,” ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ, “ಈ ವಯಸ್ಸಿನಲ್ಲಿ ಮೂಗು…”

ಇದೇ ಮಾತನ್ನು ನಾನು ಹಿಂದೆಯೂ ಆಡಿದ್ದೆ. ನೀಲಕ್ಕ ಬಾಗಿಲ ಬಣ್ಣದ ಎಣ್ಣೆ ಎಂದಿದ್ದಳು. ಸಮುದ್ರದ ಆಚೆ ಕೂತ, ಅವಳನ್ನು ಕನಸಿನಲ್ಲೂ ಕಾಣದ ಮುದುಕಿ ಅದೇ ಎಣ್ಣೆಯ ಹೆಸರು ಹೇಳುತ್ತಿದ್ದಾಳೆ.

“ಮೂಗು ಏನೆಂದು ಹೇಳಲಿ?” ಎಂದು ಮಿಸ್ ಲಿನ್ ಕೇಳಿದಳು.

“ಅವರ ಮೂಗು ಸರಿಯಾಗಿದೆ ಎಂದು ಹೇಳಿ,” ಎಂದೆ.

ಮಗ ತೊಟ್ಟಿಯ ಅಂಚಿನಿಂದ ಹೊಸ ಕರ್ಪೂರವನ್ನು ಕೆರೆದು ನನ್ನ ಬಲ ಅಂಗೈಗೆ ಹಾಕಿದ. ಸೂಗಪ್ಪನ ಚೂರನ್ನು ಎಡ ಅಂಗೈಗೆ ನಾನೇ ಹಾಕಿಕೊಂಡೆ. ಎರಡನ್ನೂ ತಿಕ್ಕಿ ಕೈ ಮುಚ್ಚಿ, ಶಾಲೆಯ ಹುಡುಗನಂತೆ ಮುದುಕಿಯ ಮುಂದೆ ನಿಂತೆ. ಕರ್ಪೂರ ಮಾರಿ ಮುದುಕನಾಗುತ್ತಿರುವ ನಾನು ಅದನ್ನು ಮನಸ್ಸಿಟ್ಟು ಮೂಸಿದ್ದು ಅದೇ ಮೊದಲು. ಎಡಗೈಯಲ್ಲಿ ಬಣ್ಣದ ಡಬ್ಬಿ. ಬಲಗೈಯಲ್ಲಿ ಅಪ್ಪನ ಕಾಲದ ಗಾಜಿನ ಭರಣಿಯ ಮುಚ್ಚಳ ತೆಗೆದ ಹಾಗೆ, ಮರ, ತಂಪು, ಆಮೇಲೆ ಎಲ್ಲೋ ದೂರದಲ್ಲಿ ಸಣ್ಣಗೆ ಸಿಹಿ. ಗುರುತಿಸಲು ಅಂಥ ದೊಡ್ಡ ಮೂಗೇನೂ ಬೇಕಿರಲಿಲ್ಲ. ಅಂದು ಅಂಗಡಿಯಲ್ಲಿ ಒಂದು ಸಲ ಮೂಸಿದ್ದರೆ ನನಗೂ ತಿಳಿಯುತ್ತಿತ್ತು.

ಒಂದು ಚಿಟಿಕೆಯಾದರೂ ಅಕ್ಕನಿಗೆ ಒಯ್ಯಬೇಕೆಂದು ಅಂಗಲಾಚಿದೆ. ವಿಮಾನದಲ್ಲಿ ಬಿಡುವುದಿಲ್ಲವೆಂದು ಅವರೇ ನನಗೆ ನೆನಪಿಸಿದರು. ಬಟ್ಟೆಯ ಪೆಟ್ಟಿಗೆಯಲ್ಲಿಡಲು ಅಲ್ಲಿ ಅಂಗೈಯಗಲದ ಕರ್ಪೂರದ ಮರದ ಹಲಗೆಗಳನ್ನು ನುಣ್ಣಗೆ ಕೆತ್ತಿ ಮಾರುತ್ತಾರೆ. ಮುದುಕಿ ರಾಶಿಯಲ್ಲಿ ಕೈಯಾಡಿಸಿ, ಐದಾರನ್ನು ಮೂಸಿ ಬದಿಗಿಟ್ಟು, ಒಂದನ್ನು ಆರಿಸಿ ನನಗೆ ಕೊಟ್ಟಳು.

ಇಳಿಯುವ ಬಸ್ಸು

ಬಸ್ಸಿನಲ್ಲಿ ನಾನು ಎರಡೂ ಕೈಗಳನ್ನು ತೊಡೆಯ ಮೇಲೆ ಬೇರೆ ಬೇರೆ ಇಟ್ಟುಕೊಂಡು ಕೂತಿದ್ದೆ. ಸೂಗಪ್ಪ ನನ್ನ ಕಡೆ ತಿರುಗಿ ಕೇಳಿದ.

“ಶೆಟ್ಟ್ರ, ನೀಲಕ್ಕ ಈಗ ಅಂಗಡ್ಯಾಗ ಯಾಕ ಕುಂದ್ರಂಗಿಲ್ಲರಿ?”

ಹೇಳಿದೆ. ಆಚಾರ್ರು ನಕ್ಕದ್ದು, ಗಿರಾಕಿಗಳು ನಕ್ಕದ್ದು, ಅಕ್ಕನೂ ನಕ್ಕದ್ದು, ಹಾಲಿನ ಪಾತ್ರೆ, ಎಲ್ಲ. ಒಂಬತ್ತು ವರ್ಷ ಮರದ್ದೆಂದು ಹೇಳಿ ಅವನ ಹೆಂಡತಿಗೂ ಅದನ್ನೇ ಕೊಟ್ಟದ್ದನ್ನೂ ಹೇಳಿದೆ. ಅವನು ಬೈಯುತ್ತಾನೆಂದುಕೊಂಡಿದ್ದೆ, ಬೈಯಲಿಲ್ಲ.

“ನಮ್ಮಾಕಿದು ಬಿಡ್ರಿ, ಸೀರಿಗೇನು ಹುಳಾ ಬಿದ್ದಿಲ್ಲ. ನೀಲಕ್ಕಗ ಹೋಗಿ ಹೇಳ್ರಿ, ತಪ್ಪಾತು ಅಂತ. ಎಳಿ ಕಡಿದ್ರ ನಾವು ಗಂಟು ಹಾಕ್ತೀವಿ.”

“ಗಂಟು ಕಾಣಾಂಗಿಲ್ಲೇನು?”

“ಕಾಣ್ತೈತ್ರಿ. ಕಾಣದಂಗ ಮಾಡಾಕ ಬರಂಗಿಲ್ಲ,” ಎಂದು ಅವನು ಬಾಳೆಹಣ್ಣು ಸುಲಿದ.

ಹಿಂತಿರುಗುವ ವಿಮಾನದಲ್ಲಿ ನಾನು ಕಣ್ಣು ಮುಚ್ಚಲಿಲ್ಲ. ಅಕ್ಕನಿಗೆ ಏನು ಹೇಳಬೇಕೆಂದು ಮಾತು ಜೋಡಿಸುತ್ತಿದ್ದೆ. ಹಲಗೆ ಕೊಡುತ್ತೇನೆ, ಅವಳು ಮೂಸುತ್ತಾಳೆ, ಮರದ್ದು ಎನ್ನುತ್ತಾಳೆ. ಆಗ ನಾನು ಕಾಲು ಹಿಡಿಯುತ್ತೇನೆ. ಮರುದಿನ ಅವಳನ್ನು ಅಂಗಡಿಗೆ ಕರೆದೊಯ್ದು ಅಪ್ಪ ಕೂರಿಸುತ್ತಿದ್ದ ಜಾಗದಲ್ಲೇ ಕೂರಿಸುತ್ತೇನೆ. ನನ್ನ ಮನಸ್ಸಿನಲ್ಲಿ ಎಲ್ಲ ಅಷ್ಟು ಸಲೀಸಾಗಿ ಮುಗಿದುಹೋಗಿತ್ತು.

ಮತ್ತೆ ಮಕ್ತಲ್

ಕೃಷ್ಣೆಯ ಕಡೆಯಿಂದ ಬಿಸಿ ಗಾಳಿ ಬೀಸುತ್ತಿದ್ದ ಮಧ್ಯಾಹ್ನ ಮನೆ ಸೇರಿದೆ. ಅಕ್ಕ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಕೈಕಾಲು ತೊಳೆಯುವ ಮೊದಲೇ ಹಲಗೆಯನ್ನು ಅವಳ ಕೈಗಿಟ್ಟೆ. ಏನೆಂದು ಹೇಳಲಿಲ್ಲ.

ಅವಳು ಮೂಗಿನ ಹತ್ತಿರ ತಂದಳು. ಕಣ್ಣು ತಾನಾಗಿ ಮುಚ್ಚಿತು. ಮೊರದ ಮೇಲಿದ್ದ ಇನ್ನೊಂದು ಕೈ ನಿಂತುಬಿಟ್ಟಿತು. ಅಪ್ಪನ ಕಾಲದಲ್ಲಿ ಅಂಗಡಿಯಲ್ಲಿ ನಾನು ಕಾಣುತ್ತಿದ್ದ ಮುಖ ಅದು. ಅವಳಿಗೆ ತಿಳಿದಿದೆ ಎಂದು ನನಗೆ ಖಾತ್ರಿಯಾಯಿತು. ಕಾದೆ.

ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಹಲಗೆಯನ್ನು ಮೆಲ್ಲಗೆ ನನ್ನ ಕಡೆ ಚಾಚಿದಳು.

“ನೀ ಏನಂತಿ ತಮ್ಮಾ?”

“ನೀ ಹೇಳಕ್ಕ. ಮೊದಲ ನೀ ಹೇಳು.”

“ನನಗೇನು ತಿಳಿತೈತಪ್ಪ. ನೀ ಹೇಳು, ನಾ ಹೂಂ ಅಂತೀನಿ.”

ನಾನು ಅಲ್ಲೇ ಕುಸಿದು ಕೂತು ಎಲ್ಲ ಹೇಳಿದೆ. ಭಟ್ಟಿಯ ಮುದುಕಿಯ ಮಾತು, ಬಣ್ಣದ ಎಣ್ಣೆ, ನನ್ನ ಎರಡು ಕೈ. “ನಿನ್ನ ಮೂಗಿಗೆ ಏನೂ ಆಗಿಲ್ಲಕ್ಕ. ಅವತ್ತು ಸುಳ್ಳು ಹೇಳಿದಾಂವ ನಾನು. ನಾ ಮೂಸಿ ಸುದ್ದಾ ನೋಡಿರಲಿಲ್ಲ,” ಎಂದು ಅವಳ ಕಾಲು ಹಿಡಿದೆ. ಅಳು ಬಂತು. ನಾಚಿಕೆಯೂ ಆಯಿತು. ಅವಳು ನನ್ನ ತಲೆ ಸವರಿದಳು.

“ಎದ್ದೇಳು. ಹೊಟ್ಟಿ ಹಸಿದೈತಿ ನಿನಗ. ಏನೋ ಒಂದು ಮಾತಾಡಿದ್ದಿ, ಹೋತು,” ಎಂದಳು. ಹಲಗೆಯನ್ನು ತನ್ನ ಟ್ರಂಕಿನ ಸೀರೆಗಳ ನಡುವೆ ಇಟ್ಟು ಬಂದಳು. ಎಲೆಯ ವಾಸನೆ ಹೇಗಿತ್ತೆಂದು ನನ್ನನ್ನು ಕೇಳಲೇ ಇಲ್ಲ.

ಮರುದಿನ ಭರಣಿಯಲ್ಲಿದ್ದ ಕರ್ಪೂರವನ್ನೆಲ್ಲ ಆರತಿಯ ಡಬ್ಬಕ್ಕೆ ಸುರಿದು, ಭರಣಿ ತೊಳೆದು ಬೋರಲು ಹಾಕಿದೆ. ಆಚಾರ್ರ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು, “ನಾನೂ ನಕ್ಕಿದ್ದೆ ಶೆಟ್ಟರ, ನೆನಪದ,” ಎಂದರು. ಅಕ್ಕನನ್ನು ಅಂಗಡಿಗೆ ಬಾ ಎಂದು ಕರೆದೆ. ಅವಳು ಬಂದಳು, ಹಳೆಯ ಜಾಗದಲ್ಲೇ ಕೂತಳು. ಗದ್ವಾಲಿನಿಂದ ಲಾವಂಚದ ಕಟ್ಟುಗಳು ಬಂದಿದ್ದವು. ಒಂದನ್ನು ಎತ್ತಿ ಮೂಗಿಗೆ ಹಿಡಿದು, ಏನಾದರೂ ಹೇಳುವ ಮೊದಲು ನನ್ನ ಮುಖ ನೋಡಿದಳು. ನಾನು ಮುಖವನ್ನು ಕಲ್ಲು ಮಾಡಿಕೊಂಡೆ. ಅವಳು ಅಲ್ಲಿ ಉತ್ತರ ಹುಡುಕಿ, ಸಿಗದೆ, “ಛಲೋ ಐತೇನೋಪ್ಪ,” ಎಂದು ಕಟ್ಟನ್ನು ಕೆಳಗಿಟ್ಟಳು. ಬಿಚ್ಚಿ ನೋಡಿದರೆ ಒಳಗೆ ಬೂಷ್ಟು ಹಿಡಿದಿತ್ತು. ಕಟ್ಟು ಹಿಡಿದಾಗಲೇ ಅವಳ ಹುಬ್ಬು ಗಂಟಿಕ್ಕಿದ್ದನ್ನು ನಾನು ಕಂಡಿದ್ದೆ.

ಅಂದು ಸಂಜೆ ಅವಳು ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಎತ್ತಿ ಮೂಸಿದಳು. ನನ್ನ ಹೆಂಡತಿ ಮನೆಯಲ್ಲಿರಲಿಲ್ಲ. ಪಾತ್ರೆಯನ್ನು ನನ್ನ ಕಡೆ ಹಿಡಿದು, “ನೋಡು ತಮ್ಮಾ, ಕೆಟ್ಟೈತೇನು?” ಎಂದಳು.

ನಾನು ಮೂಸಲಿಲ್ಲ. ಪಾತ್ರೆಯನ್ನು ಅವಳ ಕಡೆಗೇ ಸರಿಸಿ, “ನೀನ ಹೇಳಕ್ಕ,” ಎಂದೆ.

ಅವಳು ಅಂದು ಅಂಗಡಿಯಲ್ಲಿ ನಕ್ಕಿದ್ದಳಲ್ಲ, ಹಾಗೆಯೇ ನಕ್ಕಳು. ಪಾತ್ರೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಳು.